ಭೂಗೋಳ ಓದಿದವನಿಗೆ ಏನು ಸಿಕ್ಕೀತು?

ಪರೀಕ್ಷೆಗಳ ಫಲಿತಾಂಶ ಹೊರಬಿದ್ದು ಕಾಲೇಜುಗಳ ಬಾಗಿಲು ತೆರೆಯುವ ದಿನಗಳಲ್ಲಿ ಮಠಕ್ಕೆ ಬರುವ ಭಕ್ತರ ಬಿನ್ನಹಗಳ ಸ್ವರೂಪವೇ ಬದಲಾಗುತ್ತದೆ. ಮಳೆ, ಬೆಳೆ, ಮದುವೆ, ದಾಯಾದಿ ಕಲಹಗಳೆಲ್ಲ ಹಿಂದೆ ಸರಿದು ಮಕ್ಕಳ ಓದು ಮುಂದೆ ಬರುತ್ತದೆ. ಅವುಗಳಲ್ಲಿ ಒಂದು ಬಿನ್ನಹವನ್ನು ನಾವು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇವೆ: "ಬುದ್ಧೀ, ಹುಡುಗ ಭೂಗೋಳ ತಗೋತೀನಿ ಅಂತ ಹಟ ಹಿಡಿದವನೆ. ತಾವಾದ್ರೂ ಒಂದು ಮಾತು ಹೇಳಿ ಬಿಡಿಸಬೇಕು." ಕುಡಿತಕ್ಕೆ ಬಿದ್ದ ಮಗನನ್ನು ಬಿಡಿಸಿಕೊಡಿ ಎಂದು ಕೇಳುವಾಗಲೂ ಇದೇ ಧ್ವನಿ, ಇದೇ ಕಳವಳ. ನಾವು ಬಿಡಿಸುವುದಿಲ್ಲ. ಏಕೆ ಬಿಡಿಸುವುದಿಲ್ಲವೆಂಬುದನ್ನು ಒಬ್ಬೊಬ್ಬರಿಗೂ ನಿಂತ ನಿಲುವಿನಲ್ಲಿ ಹೇಳಿ ಮುಗಿಯದಾದ್ದರಿಂದ, ಈ ಪತ್ರಿಕೆಯ ಮೂಲಕ ಎಲ್ಲರಿಗೂ ಒಟ್ಟಿಗೆ ಹೇಳಬಯಸುತ್ತೇವೆ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿ ಹೋಗಿ, ಈಗ ಅಲ್ಲಲ್ಲಿ ಶಿಕ್ಷಣ ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ಕುಳಿತಿರುವ ಹಳೆಯ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಓದಬೇಕು. ಇದರಲ್ಲಿ ಅವರಿಗೆ ಹಿತವಾಗದ ಮಾತೂ ಇದೆ.

ಭೂಗೋಳವೆಂದರೆ ನಮ್ಮ ಜನರ ಎಣಿಕೆಯಲ್ಲಿ ಏನು? ರಾಜಧಾನಿಗಳ ಪಟ್ಟಿ, ನದಿಗಳ ಪಟ್ಟಿ, ಗೋಡೆಗೆ ತೂಗುಹಾಕಿದ ಬಣ್ಣದ ನಕ್ಷೆ. ವಿಜ್ಞಾನ ಸಿಕ್ಕದವನು ವಾಣಿಜ್ಯಕ್ಕೆ, ವಾಣಿಜ್ಯ ಸಿಕ್ಕದವನು ಕಲಾ ವಿಭಾಗಕ್ಕೆ, ಅಲ್ಲಿಯೂ ಬೇರೇನೂ ಸಿಕ್ಕದವನು ಭೂಗೋಳಕ್ಕೆ ಎಂಬುದೊಂದು ಕ್ರಮ ಮನೆಮನೆಯಲ್ಲಿಯೂ ಸ್ಥಿರವಾಗಿದೆ. ಬೇರೆ ಸೀಮೆಯವರು ಹೀಗೆ ಭಾವಿಸಿದರೆ ಭಾವಿಸಲಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯವರು ಹೀಗೆ ಭಾವಿಸುವುದು ಮಾತ್ರ ಉಂಡ ಮನೆಯ ಜಂತೆ ಎಣಿಸಿದಂತೆ. ನಮ್ಮ ಅನ್ನವೇ ಭೂಗೋಳದ ಒಂದು ಸೋಜಿಗದಿಂದ ಬಂದದ್ದು.

ಯೋಚಿಸಿ ನೋಡಿ. ತೆಂಗು ಕಡಲ ಕರೆಯ ಮರ. ಉಸುಕು, ಉಪ್ಪುಗಾಳಿ, ಸಮೃದ್ಧ ಮಳೆ ಅದರ ತವರು. ನಮ್ಮ ಸೀಮೆಯಾದರೋ ಘಟ್ಟದ ಈಚೆ, ಸಮುದ್ರಮಟ್ಟಕ್ಕಿಂತ ಸುಮಾರು ೮೦೦ ಮೀಟರ್ ಎತ್ತರದಲ್ಲಿರುವ ಬಯಲು. ಕರಾವಳಿಯಲ್ಲಿ ಬೀಳುವ ಮಳೆಯ ಐದರಲ್ಲೊಂದು ಪಾಲಿನಷ್ಟೂ ಇಲ್ಲಿ ಖಚಿತವಿಲ್ಲ. ಹೀಗಿದ್ದೂ ಈ ಮರ ಇಲ್ಲಿ ನೆಲೆನಿಂತಿತು. ನಮ್ಮ ಹಿರಿಯರು ಕಟ್ಟಿದ ಕೆರೆಗಳ ಕೆಳಗೆ, ಹಳ್ಳದ ದಂಡೆಯಲ್ಲಿ, ತಗ್ಗಿನ ತೇವವನ್ನು ಹಿಡಿದಿಡುವ ಕೆಂಪು ಗೋಡುಮಣ್ಣಿನಲ್ಲಿ ಅದನ್ನು ನೆಟ್ಟರು. ಬೇಸಗೆಯಲ್ಲಿ ಕೆರೆಯ ಗೋಡನ್ನು ಹೊತ್ತು ತಂದು ಬುಡಕ್ಕೆ ಹಾಕಿದರು. ಯಾವ ನೆಲಕ್ಕೆ ಯಾವುದು ಎಂಬುದನ್ನು ತರಿ, ಖುಷ್ಕಿ, ಬಾಗಾಯ್ತು ಎಂದು ಪಹಣಿ ವಿಂಗಡಿಸುತ್ತದಷ್ಟೆ. ಅದು ಭೂಗೋಳವಲ್ಲದೆ ಮತ್ತೇನು?

ಇನ್ನೊಂದು ಸೋಜಿಗ ನಮ್ಮ ಅಟ್ಟದ ಮೇಲಿದೆ. ಸಿಪ್ಪೆ ಸುಲಿಯದ ಕಾಯಿಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದಲ್ಲಿ ಬಿಟ್ಟರೆ, ಒಳಗಿನ ನೀರು ತಾನೇ ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲುಗಿಸಿದರೆ ಒಳಗೆ ಲೊಟಲೊಟ ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಬೆಂಕಿ ಬೇಡ, ಯಂತ್ರ ಬೇಡ. ಕೇರಳದವರು ಇದನ್ನು ಮಾಡಹೊರಟರೆ ಅಲ್ಲಿನ ತೇವದ ಗಾಳಿಗೆ ತಿರುಳು ಬೂಷ್ಟು ಹಿಡಿಯುತ್ತದೆ; ಆದ್ದರಿಂದ ಅವರು ಕಾಯಿ ಒಡೆದು ಒಣಗಿಸಿ ಎಣ್ಣೆಯ ಗಾಣಕ್ಕೆ ಕಳುಹಿಸುತ್ತಾರೆ. ಉತ್ತರ ಭಾರತದವರು ಹಬ್ಬಹುಣ್ಣಿಮೆಗೆ ತಿನ್ನುವ ಉಂಡೆ ಕೊಬ್ಬರಿಗೆ ತಿಪಟೂರಿನ ಪೇಟೆ ಹೆಸರಾದುದು ವರ್ತಕರ ಜಾಣ್ಮೆಯಿಂದ ಮಾತ್ರವಲ್ಲ, ನಮ್ಮ ಗಾಳಿಯ ಒಣತನದಿಂದ. ೨೦೨೫ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಎಣ್ಣೆ ಕೊಬ್ಬರಿಗೆ ಕ್ವಿಂಟಾಲಿಗೆ ೧೧,೫೮೨ ರೂಪಾಯಿ, ಉಂಡೆ ಕೊಬ್ಬರಿಗೆ ೧೨,೧೦೦ ರೂಪಾಯಿ. ನಡುವಣ ಆ ಐನೂರು ಚಿಲ್ಲರೆ ರೂಪಾಯಿಗಳಲ್ಲಿ ಹವಾಗುಣದ ಪಾಲೂ ಇದೆ. ೨೦೨೩ರಲ್ಲಿ ಪೇಟೆಯ ಧಾರಣೆ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಕುಸಿಯಿತು. ೨೦೨೫ರಲ್ಲಿ ಅದೇ ಧಾರಣೆ ಬೆಂಬಲ ಬೆಲೆಯ ಎರಡು ಪಟ್ಟನ್ನೂ ದಾಟಿತು. ಎಲ್ಲಿ ಮಳೆ ತಪ್ಪಿತು, ಎಲ್ಲಿ ರೋಗ ಬಂತು, ಯಾವ ರಾಜ್ಯದಲ್ಲಿ ಇಳುವರಿ ಎಷ್ಟು ಇಳಿಯಿತು ಎಂಬುದನ್ನು ಬಲ್ಲ ವರ್ತಕ ಮೊದಲೇ ದಾಸ್ತಾನು ಮಾಡುತ್ತಾನೆ. ಅರಿಯದ ರೈತ ಮೊದಲೇ ಮಾರಿ ಕೈತೊಳೆದುಕೊಳ್ಳುತ್ತಾನೆ. ೧೯೯೮ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಪೀಡೆಯೂ ೨೦೧೬ರಲ್ಲಿ ಪೊಳ್ಳಾಚಿಯ ಕಡೆ ಕಾಣಿಸಿಕೊಂಡ ಬಿಳಿನೊಣವೂ ನಮ್ಮ ತೋಟಗಳಿಗೆ ಬರುವ ದಾರಿಯನ್ನು ನಕ್ಷೆಯ ಮೇಲೆ ಗುರುತಿಸುತ್ತ ಬರಬಹುದಾಗಿತ್ತು. ನಾವು ಅವು ನಮ್ಮ ಗರಿಯ ಮೇಲೆ ಕುಳಿತ ಮೇಲೆ ಕಣ್ಣು ಬಿಟ್ಟೆವು.

ಈಗ ನೀರಿನ ಮಾತಿಗೆ ಬರೋಣ, ಮುಖ್ಯವಾದುದು ಇದೇ. ಈ ಮೂರು ತಾಲ್ಲೂಕುಗಳ ಜನ ಒಂದೇ ಮಾತು, ಒಂದೇ ಬೆಳೆ, ಒಂದೇ ಬಗೆಯ ಜಾತ್ರೆಗಳಿಂದ ಬೆರೆತವರು. ಆದರೆ ನೆಲದ ಲೆಕ್ಕ ಬೇರೆ. ಕೃಷಿ ವಿಜ್ಞಾನಿಗಳು ಮಾಡಿರುವ ವಲಯ ವಿಂಗಡಣೆಯಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿಗಳು ಮಧ್ಯ ಒಣವಲಯಕ್ಕೆ ಸೇರಿದರೆ, ಪಕ್ಕದ ತುರುವೇಕೆರೆ ದಕ್ಷಿಣ ಒಣವಲಯಕ್ಕೆ ಸೇರುತ್ತದೆ. ತುರುವೇಕೆರೆಯ ಕಡೆ ಬಿದ್ದ ಹನಿ ಶಿಂಷಾ ನದಿಯನ್ನು ಕೂಡಿ ಕಾವೇರಿಗೆ ಹೋಗುತ್ತದೆ. ಚಿಕ್ಕನಾಯಕನಹಳ್ಳಿಯ ಬೋರನಕಣಿವೆಯಲ್ಲಿ ತಡೆದು ನಿಲ್ಲಿಸಿದ ಸುವರ್ಣಮುಖಿಯ ನೀರಿನ ದಾರಿ ವೇದಾವತಿಗೆ, ವೇದಾವತಿಯದು ತುಂಗಭದ್ರೆಗೆ, ತುಂಗಭದ್ರೆಯದು ಕೃಷ್ಣೆಗೆ. ಎರಡು ಮಹಾನದಿಗಳನ್ನು ಬೇರ್ಪಡಿಸುವ ಏಣು ನಮ್ಮ ತೋಟಗಳ ನಡುವೆಯೇ ಹಾದುಹೋಗುತ್ತದೆ. ಬಸ್ಸಿನಲ್ಲಿ ಹೋಗುವವನಿಗೆ ಅದು ಕಾಣುವುದಿಲ್ಲ. ಎತ್ತಿನ ಗಾಡಿ ಹೊಡೆದವನಿಗೆ ಎತ್ತಿನ ಉಸಿರಿನಿಂದಾದರೂ ತಿಳಿಯುತ್ತಿತ್ತು.

ಈ ಏಣಿನ ಎರಡೂ ಮಗ್ಗುಲಿಗೆ ಇಂದು ಹೊರಗಿನ ನೀರನ್ನು ತರುವ ಯೋಜನೆಗಳು ನಡೆದಿವೆ. ಗೊರೂರಿನಲ್ಲಿ ತಡೆದ ಹೇಮಾವತಿಯ ನೀರು ಬಾಗೂರು–ನವಿಲೆ ಸುರಂಗವನ್ನು ತೂರಿ ನಮ್ಮ ಕಡೆ ಬರುತ್ತದೆ. ಅದು ಕಾವೇರಿಯ ನೀರು. ಭದ್ರಾ ಮೇಲ್ದಂಡೆ ಯೋಜನೆಯ ತುಮಕೂರು ಶಾಖಾ ಕಾಲುವೆಯಲ್ಲಿ ಬರಬೇಕಾದುದು ಕೃಷ್ಣೆಯ ಪಾಲಿನ ನೀರು. ಆ ಯೋಜನೆಗೆ ೨೦೨೩–೨೪ರ ಕೇಂದ್ರ ಮುಂಗಡಪತ್ರದಲ್ಲಿ ೫,೩೦೦ ಕೋಟಿ ರೂಪಾಯಿ ಘೋಷಣೆಯಾದುದು ಓದುಗರಿಗೆ ನೆನಪಿರಬಹುದು. ೨೦೨೪ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಗೊಂಡ ಎತ್ತಿನಹೊಳೆ ಯೋಜನೆಯದು ಪಶ್ಚಿಮಕ್ಕೆ ಹರಿದು ನೇತ್ರಾವತಿಯನ್ನು ಸೇರುವ ನೀರು. ಹೇಳಿದಂತೆಯೇ ಎಲ್ಲವೂ ನಡೆದರೆ, ಮೂರು ನದಿಗಳ ನೀರು ಒಂದೇ ಸೀಮೆಯ ಕೆರೆಗಳಿಗೆ ಬಂದು ಬೀಳುತ್ತದೆ. ಇಂಥ ಪ್ರದೇಶಗಳು ದೇಶದಲ್ಲಿ ಎಷ್ಟಿದ್ದಾವು?

ಆದರೆ ಕೇಳಬೇಕಾದ ಪ್ರಶ್ನೆಗಳನ್ನು ಕೇಳುವವರು ಯಾರು? ಎತ್ತಿನಹೊಳೆ ಮತ್ತದರ ನೆರೆಯ ಹಳ್ಳಗಳಿಂದ ೨೪.೦೧ ಟಿ.ಎಂ.ಸಿ. ನೀರು ದೊರೆಯುವುದೆಂದು ಯೋಜನೆ ಹೇಳುತ್ತದೆ. ಅಷ್ಟು ದೊರೆಯದೆಂದು ಪರಿಸರ ವಿಜ್ಞಾನಿಗಳು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಇದು ಭಾಷಣದಿಂದ ತೀರುವ ವಿವಾದವಲ್ಲ. ಮಳೆಯ ಅಳತೆ, ಜಲಾನಯನದ ವಿಸ್ತೀರ್ಣ, ಕಾಡು ಕುಡಿಯುವ ನೀರು, ಆವಿಯಾಗುವ ನೀರು, ಇವುಗಳ ಕೂಡು-ಕಳೆಯಿಂದ ತೀರಬೇಕಾದುದು. ೨೦೨೫ರ ಬೇಸಗೆಯಲ್ಲಿ ಹೇಮಾವತಿಯ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಬಗ್ಗೆ ಗುಬ್ಬಿಯ ಕಡೆ ದೊಡ್ಡ ಪ್ರತಿಭಟನೆಯೇ ನಡೆಯಿತು. ಅಲ್ಲಿ ಯಾರದು ನ್ಯಾಯ, ಯಾರದು ಅನ್ಯಾಯ ಎಂಬುದು ಈ ಲೇಖನದ ವಿಷಯವಲ್ಲ. ನಾವು ಪರ, ವಿರೋಧ ಎರಡೂ ಕಡೆಯವರ ಮಾತು ಕೇಳಿದೆವು. ಕಾಲುವೆಯ ಇಳಿಜಾರು ಎಷ್ಟು, ಮೇಲಿನ ತೂಬು ತೆರೆದರೆ ಕೊನೆಯ ಹಳ್ಳಿಗೆ ಉಳಿಯುವುದೆಷ್ಟು ಎಂದು ನಕ್ಷೆ ಹರಡಿ, ಅಂಕಿ ಇಟ್ಟು, ಜನರಿಗೆ ತಿಳಿಯುವ ಕನ್ನಡದಲ್ಲಿ ವಿವರಿಸಬಲ್ಲ ನಮ್ಮದೇ ಊರಿನ ಮಕ್ಕಳನ್ನು ಮಾತ್ರ ಕಾಣಲಿಲ್ಲ. ಗಂಟಲು ಇದ್ದವರು ಬೇಕಾದಷ್ಟಿದ್ದರು.

ಇದನ್ನು ಅತಿಶಯೋಕ್ತಿಯೆಂದು ತಿಳಿಯುವವರು ಕಾವೇರಿಯ ತೀರ್ಪನ್ನು ನೋಡಬೇಕು. ೨೦೦೭ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ೨೭೦ ಟಿ.ಎಂ.ಸಿ. ಹಂಚಿತ್ತು. ೨೦೧೮ರ ಫೆಬ್ರವರಿ ೧೬ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ೨೮೪.೭೫ಕ್ಕೆ ಏರಿಸಿತು. ಹೆಚ್ಚಾದ ೧೪.೭೫ ಟಿ.ಎಂ.ಸಿ. ಎಲ್ಲಿಂದ ಬಂತು? ಹತ್ತು ಟಿ.ಎಂ.ಸಿ. ಬಂದುದು ತಮಿಳುನಾಡಿನ ಮುಖಜಭೂಮಿಯ ಅಡಿಯಲ್ಲಿರುವ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದುದರಿಂದ. ಉಳಿದ ೪.೭೫ ಬಂದುದು ಬೆಂಗಳೂರಿನ ವಿಷಯದಲ್ಲಿ: ಆ ನಗರ ಏಣಿನ ಮೇಲೆ ಕುಳಿತಿರುವುದರಿಂದ ಅದರ ಮೂರನೆಯ ಒಂದು ಭಾಗ ಮಾತ್ರ ಕಾವೇರಿಯ ಜಲಾನಯನದ ಒಳಗಿದೆಯೆಂದು ನ್ಯಾಯಮಂಡಳಿ ಎಣಿಸಿತ್ತು, ನ್ಯಾಯಾಲಯ ಇಡೀ ನಗರದ ಬಾಯಾರಿಕೆಯನ್ನು ಎಣಿಸಿತು. ಎರಡೂ ಭೂಗೋಳದ ಪ್ರಶ್ನೆಗಳೇ. ನಾವು ಬಸ್ಸಿಗೆ ಕಲ್ಲು ಹೊಡೆದ ವರ್ಷಗಳಿಂದ ಒಂದು ಹನಿಯೂ ಹೆಚ್ಚು ಬರಲಿಲ್ಲ.

ಬರದ ಸಂಗತಿ ನೋಡಿ. ೨೦೨೩ರಲ್ಲಿ ಕರ್ನಾಟಕದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆಂದು ಘೋಷಿಸಲ್ಪಟ್ಟವು. ಒಂದು ತಾಲ್ಲೂಕು ಬರಪೀಡಿತವೋ ಅಲ್ಲವೋ ಎಂಬುದನ್ನು ಈಗ ಅಮಲ್ದಾರರು ಹೊಲ ನೋಡಿ ನಿಶ್ಚಯಿಸುವುದಿಲ್ಲ. ಕೇಂದ್ರದ ೨೦೧೬ರ ಬರ ಕೈಪಿಡಿಯ ಪ್ರಕಾರ ಮಳೆಯ ಕೊರತೆ, ಬಿತ್ತನೆಯ ವಿಸ್ತೀರ್ಣ, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲದ ಸ್ಥಿತಿ, ಇವುಗಳ ಜೊತೆಗೆ ಉಪಗ್ರಹದಿಂದ ಅಳೆದ ಸಸ್ಯದ ಹಸಿರು ಎಷ್ಟೆಂಬುದನ್ನೂ ನೋಡಲಾಗುತ್ತದೆ. ಆಮೇಲೆ ಶೇಕಡಾ ಹತ್ತರಷ್ಟು ಹಳ್ಳಿಗಳಲ್ಲಿ ಸ್ಥಳ ಪರಿಶೀಲನೆ. ತೆಂಗಿನ ಸೀಮೆಯವರು ಇಲ್ಲಿ ಒಂದು ಪ್ರಶ್ನೆ ಕೇಳಬೇಕು: ಬುಡದ ರಾಗಿ ಸುಟ್ಟುಹೋದರೂ ತೆಂಗಿನ ಗರಿ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ, ಮರಕ್ಕೆ ತಗುಲಿದ ಬರ ಕಾಯಿಯಲ್ಲಿ ಕಾಣುವುದು ಮರುವರ್ಷ. ಆಕಾಶದಿಂದ ನೋಡುವ ಕಣ್ಣಿಗೆ ನಮ್ಮ ಸಂಕಟ ಸರಿಯಾಗಿ ಕಾಣುತ್ತದೆಯೇ? ಈ ಪ್ರಶ್ನೆಯನ್ನು ಅರ್ಜಿಯಲ್ಲಿ ಅಳುತ್ತ ಬರೆದರೆ ಕಚೇರಿಯಲ್ಲಿ ಕಡತ ಸೇರುತ್ತದೆ. ಹತ್ತು ವರ್ಷದ ಮಳೆಯ ಅಂಕಿ, ಉಪಗ್ರಹದ ಚಿತ್ರ, ತೋಟ ತೋಟದ ಇಳುವರಿ ಜೋಡಿಸಿ ಬರೆದರೆ ಉತ್ತರ ಕೊಡದೆ ವಿಧಿಯಿಲ್ಲ. ಬರವನ್ನು ಅಳೆಯಲು ದೇಶದಲ್ಲಿಯೇ ಮೊದಲು, ೧೯೮೮ರಲ್ಲಿ, ಪ್ರತ್ಯೇಕ ಕೋಶವನ್ನು ತೆರೆದ ರಾಜ್ಯ ನಮ್ಮದು. ಆ ಅಂಕಿಗಳನ್ನು ಓದಬಲ್ಲವರನ್ನು ಬೆಳೆಸಲು ನಮಗೆ ಮನಸ್ಸಿಲ್ಲ.

೨೦೧೬–೧೭ರ ಬರದಲ್ಲಿ ಸುಳಿ ಒಣಗಿ ಬಿದ್ದ ಮರಗಳನ್ನು ನೀವು ಮರೆತಿಲ್ಲ. ಹೆಚ್ಚಾಗಿ ಸತ್ತವು ಯಾವ ಮರಗಳು? ಕೊಳವೆಬಾವಿಯ ಬಲದಿಂದ ರಾಗಿಯ ಬೆದ್ದಲಿನಲ್ಲಿ, ದಿಣ್ಣೆಯ ಮೇಲೆ ಎಬ್ಬಿಸಿದ ತೋಟಗಳ ಮರಗಳು. ತಾತ ತಗ್ಗಿನಲ್ಲಿ ನೆಟ್ಟ. ಮೊಮ್ಮಗ ದಿಣ್ಣೆಗೆ ಹತ್ತಿಸಿದ. ತಿಪಟೂರು, ಚಿಕ್ಕನಾಯಕನಹಳ್ಳಿಗಳ ಹೆಸರು ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಬಂದದ್ದು ಇದರಿಂದಲೇ. ಆ ಮೊಮ್ಮಗನಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದ ವಿದ್ಯೆಯನ್ನು ಅವನ ಊರಿನಲ್ಲಿ ಯಾರೂ ಓದಿರಲಿಲ್ಲ.

ಚಿಕ್ಕನಾಯಕನಹಳ್ಳಿಯ ಗುಡ್ಡಗಳ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಕಥೆ ದೊಡ್ಡದು, ಇಲ್ಲಿ ಚುಟುಕಾಗಿ ಹೇಳುತ್ತೇವೆ. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೂ ನಿಲ್ಲಿಸಿತು. ಅನಂತರ ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ಅಪಾರ ಹಣ ಕೂಡಿತು. ಯಾವ ಹಳ್ಳಿ ಬಾಧಿತ, ಯಾವುದು ಅಲ್ಲ ಎಂಬುದನ್ನು ನಿರ್ಣಯಿಸುವುದು ನಕ್ಷೆಯ ಮೇಲಿನ ಒಂದು ಗೆರೆ. ಆ ಗೆರೆಯನ್ನು ಓದಲು ಬಾರದ ಹಳ್ಳಿಗೆ ಶಾಲೆಯ ಕೊಠಡಿಯೂ ಬರುವುದಿಲ್ಲ.

ಆಳುವವರಿಗೆ ಈ ವಿದ್ಯೆಯ ಬೆಲೆ ಚೆನ್ನಾಗಿ ತಿಳಿದಿತ್ತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದೊಡನೆ ಇಂಗ್ಲಿಷರು ಕೈಹಾಕಿದ ಕೆಲಸಗಳಲ್ಲೊಂದು ಮೈಸೂರಿನ ಸರ್ವೇಕ್ಷಣೆ. ಕರ್ನಲ್ ಮೆಕೆಂಜಿ ನೆಲ ಅಳೆದ. ಫ್ರಾನ್ಸಿಸ್ ಬುಕಾನನ್ ೧೮೦೦–೦೧ರಲ್ಲಿ ನಮ್ಮ ಸೀಮೆಯನ್ನೂ ಹಾದುಹೋಗಿ ಮಣ್ಣು, ಬೆಳೆ, ತೋಟ, ನೇಯ್ಗೆ, ಸಂತೆ ಎಲ್ಲವನ್ನೂ ಬರೆದುಕೊಂಡ. ೧೮೦೭ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ತೋಟದ ಲೆಕ್ಕ ಪರದೇಶದವನಿಗೆ ಬೇಕಾಯಿತು, ನಮ್ಮ ಮಗನಿಗೆ ಬೇಡವಾಯಿತು. ಇನ್ನೊಂದು ಮಾತು ಪ್ರಾಸಂಗಿಕವಾಗಿ: ಮೇಘಾಲಯವೆಂಬ ಅಂದವಾದ ಹೆಸರು ಕವಿಯೊಬ್ಬ ಇಟ್ಟದ್ದೆಂದು ಹಲವರು ತಿಳಿದಿದ್ದಾರೆ. ೧೯೭೨ರಲ್ಲಿ ರಾಜ್ಯವಾದ ಆ ಪ್ರದೇಶಕ್ಕೆ ೧೯೩೦ರ ದಶಕದಲ್ಲಿಯೇ ಆ ಹೆಸರನ್ನು ಕೊಟ್ಟವರು ಕಲ್ಕತ್ತೆಯ ಭೂಗೋಳ ಶಾಸ್ತ್ರಜ್ಞ ಎಸ್. ಪಿ. ಚಟರ್ಜಿಯವರು.

"ಅದೆಲ್ಲ ಸರಿ ಬುದ್ಧೀ, ಕೆಲಸ?" ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದುದೇ. ಬಡವನ ಮಗನಿಗೆ ವಿದ್ಯೆಯೆಂದರೆ ಅನ್ನವೂ ಹೌದು; ಅದನ್ನು ಹೀಗಳೆಯುವುದು ಕಾಯಕದ ಮಾತನಾಡುವ ನಮಗೆ ಶೋಭಿಸದು. ಇದ್ದುದನ್ನು ಇದ್ದಂತೆ ಹೇಳುತ್ತೇವೆ. ಭೂಗೋಳವನ್ನು ಕರ್ನಾಟಕದಲ್ಲಿ ಬಿ.ಎ.ಯಲ್ಲಿಯೂ ಬಿ.ಎಸ್ಸಿ.ಯಲ್ಲಿಯೂ ಓದಬಹುದು. ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಮೇಲಿನ ಓದಿದೆ. ಅಧ್ಯಾಪನವಿದೆ, ಲೋಕಸೇವಾ ಆಯೋಗದ ಪರೀಕ್ಷೆಗಳಲ್ಲಿ ಇದರ ಪ್ರಯೋಜನ ಎಲ್ಲರಿಗೂ ತಿಳಿದದ್ದೇ. ೨೦೨೦ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನುಗಳು ಹಳ್ಳಿಗಳ ಮನೆ-ನಿವೇಶನಗಳನ್ನು ಅಳೆದವು. ೨೦೨೧ರಲ್ಲಿ ಕೇಂದ್ರ ಸರ್ಕಾರ ನಕ್ಷೆಗಳ ಮೇಲಿನ ಹಳೆಯ ಕಟ್ಟುಪಾಡುಗಳನ್ನು ಸಡಿಲಿಸಿತು, ೨೦೨೨ರಲ್ಲಿ ಅದಕ್ಕೊಂದು ರಾಷ್ಟ್ರೀಯ ನೀತಿಯನ್ನೇ ತಂದಿತು. ಗಣಕಯಂತ್ರದಲ್ಲಿ ನಕ್ಷೆ ರಚಿಸುವ ಕೆಲಸಗಳು ಬೆಂಗಳೂರಿನಲ್ಲಿವೆ. ಆದರೆ ಆ ಕೆಲಸಗಳಿಗೆ ಎಂಜಿನಿಯರಿಂಗ್ ಓದಿದವರೂ ಪೈಪೋಟಿಗೆ ಬರುತ್ತಾರೆ ಎಂಬುದನ್ನು ಮುಚ್ಚಿಡಲಾರೆವು. ಬರಿಯ ಪದವಿ ಸಾಲದು. ಸಂಖ್ಯಾಶಾಸ್ತ್ರವನ್ನೂ ಗಣಕವನ್ನೂ ಕಲಿಯದ ಭೂಗೋಳದ ಪದವೀಧರ ನೊಗವಿಲ್ಲದ ನೇಗಿಲು. ಕಲಿತವನು ಬೇರೆ ಯಾವ ಪದವೀಧರನಿಗೂ ಕಡಮೆಯಲ್ಲ. ಇತ್ತ, ತೋಟ ಅಡವಿಟ್ಟು ಎಂಜಿನಿಯರಿಂಗ್ ಓದಿಸಿದ ಮಕ್ಕಳು ಬೆಂಗಳೂರಿನಲ್ಲಿ ಊಟದ ಪೊಟ್ಟಣ ಹೊತ್ತು ಮನೆಮನೆಗೆ ಹಂಚುತ್ತಿರುವುದನ್ನು ನಿಮ್ಮಲ್ಲಿ ಎಷ್ಟು ಜನ ನೋಡಿಲ್ಲ? ಆ ಕೆಲಸ ಕೀಳೆಂದು ನಾವು ಹೇಳುತ್ತಿಲ್ಲ. ಅದಕ್ಕಾಗಿ ತೋಟ ಅಡವಿಡಬೇಕಾಗಿರಲಿಲ್ಲವೆಂದು ಹೇಳುತ್ತಿದ್ದೇವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಆಕ್ಷೇಪ: ಗುಡ್ಡ, ಹಳ್ಳ, ಹೊಲ ಎಂದು ಹೊರಗೆ ತಿರುಗುವ ಓದು ಅವರಿಗೇಕೆ? ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಒಬ್ಬಳೇ ನಡೆದ ಅಕ್ಕನ ಭಾವಚಿತ್ರವನ್ನು ನಡುಮನೆಯಲ್ಲಿ ಪೂಜಿಸುವವರು ಈ ಪ್ರಶ್ನೆ ಕೇಳಬಾರದು.

ಇನ್ನು ಹಿತವಾಗದ ಮಾತು. ಭೂಗೋಳದ ಈ ಅವಸ್ಥೆಗೆ ತಂದೆತಾಯಿಗಳಿಗಿಂತ ಹೆಚ್ಚಿನ ಹೊಣೆ ಕಲಿಸುವವರದು, ಸಂಸ್ಥೆ ನಡೆಸುವವರದು. ಪ್ರೌಢಶಾಲೆಯಲ್ಲಿ ಅದು ಸಮಾಜ ವಿಜ್ಞಾನದ ಒಂದು ಮೂಲೆ. ಇತಿಹಾಸ ಓದಿ ಬಂದ ಮೇಷ್ಟ್ರು ಪಾಣಿಪತ್ ಯುದ್ಧಗಳನ್ನೆಲ್ಲ ಮುಗಿಸಿ, ಪರೀಕ್ಷೆಗೆ ಹದಿನೈದು ದಿನವಿರುವಾಗ ಭೂಗೋಳದ ಪುಟ ತೆರೆಯುತ್ತಾರೆ. ಕಾಲೇಜಿನಲ್ಲಿಯೋ, ಆಂಡಿಸ್ ಪರ್ವತದ ಟಿಪ್ಪಣಿ ಬರೆಸುವ ಅಧ್ಯಾಪಕರು ವಿದ್ಯಾರ್ಥಿಗಳನ್ನು ಮದಲಿಂಗನ ಕಣಿವೆಗೆ ಒಂದು ದಿನ ಕರೆದೊಯ್ಯುವುದಿಲ್ಲ. ಆಡಳಿತ ಮಂಡಳಿಗಳದು ಬೇರೆಯೇ ರೋಗ. ಸಂಸ್ಥೆಯೊಂದರ ಸಭೆಯಲ್ಲಿ, ಭೂಗೋಳಕ್ಕೆ ಮಕ್ಕಳು ಬರುತ್ತಿಲ್ಲ, ವಿಭಾಗ ಮುಚ್ಚಿ ಅದರ ಕೊಠಡಿಯನ್ನು ಬೇರೆ ತರಗತಿಗೆ ಕೊಡೋಣ ಎಂಬ ಸಲಹೆ ಬಂತು. ಆ ವಿಭಾಗಕ್ಕೆ ಎಷ್ಟು ವರ್ಷದಿಂದ ಕಾಯಂ ಅಧ್ಯಾಪಕರಿಲ್ಲ, ಹೊಸ ನಕ್ಷೆ ಕೊಂಡದ್ದು ಯಾವಾಗ ಎಂದು ನಾವು ಕೇಳಿದೆವು. ಯಾರಲ್ಲಿಯೂ ಉತ್ತರವಿರಲಿಲ್ಲ. ನೀರು ಹಾಕದೆ ಗಿಡ ಒಣಗಿಸಿ, ಒಣಗಿದ ಗಿಡವೆಂದು ಕೀಳುವ ಬೇಸಾಯ ಇದು. ಮಠಗಳು ನಡೆಸುವ ಸಂಸ್ಥೆಗಳಿಗೂ ಈ ಮಾತು ಅನ್ವಯಿಸುತ್ತದೆ. ೨೦೨೧ರಲ್ಲಿ ನಾಲ್ಕು ವರ್ಷದ ಪದವಿ ಬಂತು, ೨೦೨೪ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು; ಇಂಥ ಪ್ರತಿಯೊಂದು ಬದಲಾವಣೆಯ ಗದ್ದಲದಲ್ಲಿಯೂ ಮೊದಲು ಕೈಬಿಡುವುದು ಯಾವ ವಿಷಯವನ್ನು ಎಂಬುದನ್ನು ಗಮನಿಸಿ.

ಹಳೆಯ ವಿದ್ಯಾರ್ಥಿಗಳಿಂದ ನಾವು ಬಯಸುವುದು ಹೆಚ್ಚೇನಲ್ಲ. ನೀವು ಕುಳಿತಿರುವ ಮಂಡಳಿಯ ಕಾಲೇಜಿನಲ್ಲಿ ಭೂಗೋಳವಿದ್ದರೆ ಈ ವರ್ಷ ಮುಚ್ಚಬೇಡಿ. ಒಬ್ಬ ಕಾಯಂ ಅಧ್ಯಾಪಕರನ್ನು ಕೊಟ್ಟು ಮೂರು ವರ್ಷ ನೋಡಿ. ಐದೇ ಮಕ್ಕಳು ಬಂದರೂ ನಡೆಸಿ. ಅವರಿಂದ ನಿಮ್ಮ ಊರಿನ ಕೆರೆಗಳ ತೂಬು, ಕೋಡಿ, ಒತ್ತುವರಿ, ಕೊಳವೆಬಾವಿಗಳ ಆಳ ಇವುಗಳ ನಕ್ಷೆ ಬರೆಸಿ, ಗ್ರಾಮ ಪಂಚಾಯಿತಿಗೆ ಕೊಡಿಸಿ. ಭಾರತೀಯ ಸರ್ವೇಕ್ಷಣಾಲಯ ೨೦೧೭ರಿಂದ ತನ್ನ ನಕ್ಷೆಗಳನ್ನು ಅಂತರಜಾಲದಲ್ಲಿ ಉಚಿತವಾ­ಗಿಯೇ ಕೊಡುತ್ತಿದೆ. ಹಳೆಯ ಲೆಕ್ಕದಲ್ಲಿ ೫೭ ಸಿ ಎಂಬ ಹಾಳೆಯೊಂದರಲ್ಲಿಯೇ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಊರುಗಳಿವೆ. ತಂದೆತಾಯಿಗಳು ಮಗನನ್ನು ನಮ್ಮ ಬಳಿಗೆ ಕರೆತರುವಾಗ ಆ ಹಾಳೆಯನ್ನೂ ತೆಗೆಸಿಕೊಂಡು ಬನ್ನಿ. ನಿಮ್ಮ ತೋಟದ ನೀರು ಕಾವೇರಿಗೆ ಹೋಗುತ್ತದೆಯೋ ಕೃಷ್ಣೆಗೆ ಹೋಗುತ್ತದೆಯೋ ಎಂದು ಹುಡುಗ ತೋರಿಸಲಿ. ಪ್ರವೇಶದ ಅರ್ಜಿಗೆ ರುಜು ಹಾಕುವ ವಿಚಾರ ಆಮೇಲೆ ಮಾತನಾಡೋಣ.